ಮಾದಪ್ಪನ ಪಾಲಿನ ಟಿಕೆಟ್

ಕೊಳ್ಳೇಗಾಲದ ಕಡೆಯ ಪುಟ್ಟಮಾದಮ್ಮ ಮೊಮ್ಮಗನನ್ನು ಕರೆದುಕೊಂಡು ವಾಟರ್ ಪಾರ್ಕಿಗೆ ಹೋದಳು. ಸುಡುಬಿಸಿಲಲ್ಲಿ ಜನವೋ ಜನ. ಟಿಕೆಟ್ ದರ ಹೋದ ವರ್ಷದ ಎರಡರಷ್ಟು. ತನ್ನೊಂದು ಟಿಕೆಟ್ ಕೊಳ್ಳುವಷ್ಟರಲ್ಲಿ ಅವಳ ಸೆರಗಿನ ಗಂಟು ಖಾಲಿ. ಗೇಟಿನ ಗೋಡೆಯ ಮೇಲೊಂದು ಕೆಂಪು ಗೆರೆ. ಅದಕ್ಕಿಂತ ಗಿಡ್ಡ ಇರುವ ಮಕ್ಕಳಿಗೆ ಪುಕ್ಕಟೆ.

ಗೇಟಿನ ಸೂಪರ್‌ವೈಸರ್ ಅವಳ ಮೊಮ್ಮಗನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ. ತಲೆ ಗೆರೆಯ ಕೆಳಗೇ ಇತ್ತು. ನೆತ್ತಿಯ ಮೇಲೆ ಕಟ್ಟಿದ ಜುಟ್ಟು ಮಾತ್ರ ಗೆರೆ ದಾಟಿತ್ತು.

"ಫುಲ್ ಟಿಕೆಟ್!"

"ಅದು ಕೂದಲು ಕಣಪ್ಪ. ಬಿಚ್ಚಿಬಿಡ್ತೀನಿ, ಇರು."

"ಅಳತೆ ಆಯ್ತು, ಇನ್ನೊಂದು ಸಲ ಅಳೆಯೋದಿಲ್ಲ. ಗೆರೆ ದಾಟಿದ ಮೇಲೆ ಯಾರೇ ಆಗಲಿ, ದುಡ್ಡು ಕೊಡಲೇಬೇಕು. ಇಲ್ಲಾಂದ್ರೆ ವಾಪಸ್ ಹೋಗಿ."

ಹುಡುಗನ ಕಣ್ಣು ತುಂಬಿತು. ಅಜ್ಜಿ ಒಮ್ಮೆ ಜುಟ್ಟು ನೋಡಿದಳು, ಒಮ್ಮೆ ಗೆರೆ ನೋಡಿದಳು.

"ಸರಿ ಸ್ವಾಮಿ. ಗೆರೆಯಿಂದ ಕೆಳಗಿರೋನು ನನ್ನ ಮೊಮ್ಮಗ, ಅವನಿಗೆ ಪುಕ್ಕಟೆ. ಮೇಲಿರೋದು ನಮ್ಮ ಬೆಟ್ಟದ ದೇವ್ರು ಮಾದಪ್ಪಂದು. ಮಗು ಹುಟ್ಟಿದಾಗಲೇ ಮುಡಿ ಕೊಡ್ತೀವಿ ಅಂತ ಹರಕೆ ಹೊತ್ತಿದೀವಿ. ಟಿಕೆಟ್ ಮಾದಪ್ಪನ ಹೆಸರಿಗೇ ಹರಿ. ದುಡ್ಡು ಬೆಟ್ಟಕ್ಕೆ ಹೋಗಿ ಅವನ ಹತ್ರಾನೇ ಇಸ್ಕೋ."

ಹಿಂದೆ ಬೆವರುತ್ತಿದ್ದ ಕ್ಯೂ "ಉಘೇ ಮಾದಪ್ಪ!" ಎಂದು ಒಂದೇ ದನಿಯಲ್ಲಿ ಕೂಗಿತು. ಸೂಪರ್‌ವೈಸರ್‌ನ ಕೈ ತಾನಾಗಿ ಮುಗಿದುಕೊಂಡಿತು. ಮುಗಿದ ಕೈಯಲ್ಲೇ ದಾರಿ ಬಿಟ್ಟ.

"ಉಸ್ಸಪ್ಪಾ" ಎಂದು ಒಳಗೆ ಕಾಲಿಟ್ಟರೆ, ಜಾರುಬಂಡೆಗೆ ಹೊರಗಿನದಕ್ಕಿಂತ ಉದ್ದದ ಕ್ಯೂ.

"ಅಜ್ಜಿ, ಇಲ್ಲೂ ಮಾದಪ್ಪನ್ನ ಕರಿ."

ಅಜ್ಜಿ ನಕ್ಕು ನೆರಳಿನಲ್ಲಿ ಕೂತಳು. "ಸುಮ್ನೆ ನಿಂತ್ಕೋ ಮಗಾ. ಕ್ಯೂ ಕರಗಿಸೋದು ಗೊತ್ತಿದ್ದಿದ್ರೆ, ಅವನು ಮೊದಲು ತನ್ನ ಬೆಟ್ಟದ್ದನ್ನ ಕರಗಿಸ್ತಿದ್ದ."