ದರ್ಜಿಯ ಹಿತ್ತಲಿನ ಪಿಕಳಾರ

"ಬುದ್ಧಿ, ಮಕ್ಕಳಿಗೆ ಒಳ್ಳೇದು ಮಾಡೋದೂ ತಪ್ಪಾ?"

ಕೇಳಿದವನು ಪರ್ವತಯ್ಯ, ಮಠದ ಹಳೇ ಶಿಷ್ಯ. ಬಂದವನೇ ಗುರುಗಳ ಜೊಂಡಿನ ಚಾಪೆಯ ಅಂಚಿನಲ್ಲಿ ಕೂತುಬಿಟ್ಟಿದ್ದ. ಚಾಪೆ ಹಳೇದು, ಅಂಚಿನ ಉದ್ದಕ್ಕೂ ಎಳೆ ಎದ್ದಿದ್ದವು. ಅವನ ಮುಖವೂ ಹೆಚ್ಚು ಕಡಿಮೆ ಹಾಗೇ ಇತ್ತು.

"ತಪ್ಪು ಅಂತ ಯಾರು ಅಂದ್ರು?" ಅಂತ ಗುರುಗಳು ಕೇಳಿದರು.

"ಮಗಳು. ಎರಡು ಬೀದಿ ಆಚೆ ಗಂಡನ ಜೊತೆ ಹೊಸದಾಗಿ ಮನೆ ಮಾಡಿದ್ದಾಳೆ. ದಿನಾ ಹೋಗ್ತೀನಿ. ಹೋಗಿ ಸುಮ್ಮನೆ ಕೂರೋನಲ್ಲ ಬುದ್ಧಿ, ಏನಾದ್ರೂ ಒಂದು ಸರಿ ಮಾಡೇ ಬರ್ತೀನಿ. ಒಲೆ ಮೂಲೇಲಿತ್ತು, ಕಿಟಕಿ ಹತ್ರ ಇಟ್ಟೆ. ಮಂಚ ತಿರುಗಿಸಿದೆ. ಅಳಿಯನ ಚಪ್ಪಲಿ ಒಂದು ಸವೆದಿತ್ತು, ಅದಕ್ಕೆ ದಪ್ಪನೆ ಅಟ್ಟೆ ಹಾಕಿಸಿದೆ. ಈಗ ಸ್ವಲ್ಪ ವಾಲಿಕೊಂಡು ನಡೀತಾನೆ, ಅಭ್ಯಾಸ ಆಗುತ್ತೆ. ನಿನ್ನೆ ಮಗಳು ಬಾಗಿಲಲ್ಲೇ ನಿಂತು, 'ಅಪ್ಪಾ, ಇನ್ಮೇಲೆ ಹಬ್ಬಕ್ಕೆ ಬಾ' ಅಂದ್ಲು. ಹಬ್ಬ ಹೋದ ವಾರ ತಾನೇ ಮುಗೀತು ಬುದ್ಧಿ. ಇರೋಳು ಒಬ್ಬಳೇ ಮಗಳು."

ಗುರುಗಳು ನಗಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ದರ್ಜಿ ಇದ್ದ. ಒಳ್ಳೇ ಕೆಲಸಗಾರ. ಅವನು ಹೊಲಿದ ಬಟ್ಟೆಯಲ್ಲಿ ಒಂದು ದಾರದ ತುದಿ ನೇತಾಡಿದ್ದನ್ನ ಯಾರೂ ಕಂಡಿರಲಿಲ್ಲ. ನೇತಾಡೋದನ್ನ ಕಂಡ್ರೆ ಅವನಿಗೆ ಆಗ್ತಿರಲಿಲ್ಲ. ಊಟಕ್ಕೆ ಕೂತರೂ ಕತ್ತರಿ ಪಕ್ಕದಲ್ಲೇ ಇರ್ತಿತ್ತು. ಮನೆಗೆ ನೆಂಟರು ಬಂದರೆ, ಊರಲ್ಲಿ ಎಲ್ಲ ಕ್ಷೇಮವಾ ಅಂತ ಕೇಳ್ತಾ ಕೇಳ್ತಾನೇ ಅವರ ಅಂಗಿಯ ದಾರ ಕತ್ತರಿಸ್ತಿದ್ದ. ಬರಬರ್ತಾ ನೆಂಟರು ಕಮ್ಮಿಯಾದರು.

ಅವನ ಹಿತ್ತಲಲ್ಲಿ ಮಲ್ಲಿಗೆ ಬಳ್ಳಿಯ ಚಪ್ಪರ ಇತ್ತು. ಒಂದು ಜೋಡಿ ಪಿಕಳಾರ ಬಂದು ಆ ಬಳ್ಳಿಯೊಳಗೆ ಗೂಡು ಕಟ್ಟಿದವು. ತಲೆ ಮೇಲೆ ಕರೀ ಜುಟ್ಟು, ಕೆನ್ನೆಯಲ್ಲಿ ಕೆಂಪು ಬೊಟ್ಟು. ದರ್ಜಿ ಅವುಗಳ ಮೇಲೆ ಜೀವ ಇಟ್ಟುಕೊಂಡ. ಹೊಲಿಗೆ ಮಿಷನ್ನನ್ನ ಹಿತ್ತಲ ಬಾಗಿಲಿಗೇ ತಂದು ಹಾಕಿಕೊಂಡ. ಒಂದು ಕಣ್ಣು ಬಟ್ಟೆ ಮೇಲೆ, ಇನ್ನೊಂದು ಹಕ್ಕಿ ಮೇಲೆ. ಪಟೇಲರ ಹೊಸ ಅಂಗಿಗೆ ಎರಡೂ ಎಡಗೈ ತೋಳೇ ಬಿದ್ದವು. ಪಟೇಲರು ಅದನ್ನೇ ಹಾಕಿಕೊಂಡು ಮದುವೆಗೆ ಹೋದರು. ಎಲೆ ಮುಂದೆ ಕೂತು ಪಾಯಸಕ್ಕೆ ಕೈ ಚಾಚಿದಾಗ ಗೊತ್ತಾಯ್ತು.

ಮೊಟ್ಟೆ ಒಡೆದು ಮೂರು ಮರಿ ಆದವು. ಅಪ್ಪ ಅಮ್ಮ ಇಬ್ಬರೂ ಹುಳ ಹಿಡಿದು ತರೋದು, ಬಾಯಿಗೆ ತುರುಕೋದು, ಮತ್ತೆ ಓಡೋದು. ದರ್ಜಿ ಅದನ್ನೆಲ್ಲ ಊಟದ ಹೊತ್ತಿಗೆ ಹೆಂಡತಿಗೆ ವರದಿ ಒಪ್ಪಿಸ್ತಿದ್ದ. ಒಂದೇ ಒಂದು ವಿಷಯ ಮಾತ್ರ ಅವನನ್ನ ಚುಚ್ಚುತ್ತಿತ್ತು. ಗೂಡಿನ ಸುತ್ತ ಒಣಗಿದ ಎಲೆ, ಬೇರು, ನಾರು ಎಲ್ಲ ಕಡೆ ಜೋತಾಡ್ತಿದ್ದವು. ಅಂಚು ಮಡಿಸೋಕೆ ಬಾರದವರು ಹೊಲಿದ ಟೋಪಿಯ ಹಾಗೆ ಕಾಣ್ತಿತ್ತು.

"ಸ್ವಲ್ಪ ಫಿನಿಶಿಂಗ್ ಮಾಡಿಕೊಡ್ತೀನಿ ಕಣೇ," ಅಂದ.

"ರೀ, ಅವು ಬಂದು ನಿಮ್ಮ ಹತ್ರ ಅಳತೆ ಕೊಟ್ಟಿದ್ವಾ?" ಅಂದಳು ಹೆಂಡತಿ.

"ಕೊಡದೇ ಇದ್ರೇನು? ದರ್ಜಿ ಹಿತ್ತಲಲ್ಲಿ ಇಂಥಾ ಕೆಲಸವಾ ಅಂತ ನೋಡಿದೋರು ನಗಲ್ವಾ?"

ಹಕ್ಕಿಗಳು ಹುಳಕ್ಕೆ ಹೋದಾಗ ಅವನು ಸ್ಟೂಲು ಹತ್ತಿದ. ಮರಿಗಳಿಗೆ ಗಾಳಿಯೂ ತಾಗದ ಹಾಗೆ, ನೇತಾಡ್ತಿದ್ದ ಒಂದೊಂದೇ ನಾರು ಕತ್ತರಿಸಿದ. ಅಡ್ಡ ಬಂದ ಬಳ್ಳಿಯ ಎಲೆಗಳನ್ನೂ ತೆಗೆದ. ಇಳಿದು ದೂರ ನಿಂತು ನೋಡಿದ. ಗೂಡು ಒಳ್ಳೇ ಬಟ್ಟಲಿನ ಹಾಗೆ ದುಂಡಗೆ, ಚೊಕ್ಕವಾಗಿ ಕಾಣ್ತು. ಬಾಗಿಲಲ್ಲಿ ಕೂತರೆ ಮೂರು ಮರಿಯ ಮೂರು ಬಾಯೂ ಕಾಣ್ತಿದ್ದವು.

ಬಾವಿಯ ರಾಟೆ ಮೇಲಿಂದಲೂ ಕಾಣ್ತಿದ್ದವು. ಅಲ್ಲಿ ಒಂದು ಕಾಗೆ ಕೂತಿತ್ತು.

ದರ್ಜಿ ಕಾಗೆಯನ್ನ ನೋಡಲಿಲ್ಲ. ತನ್ನ ಕೆಲಸ ತೋರಿಸೋಣ ಅಂತ ಹೆಂಡತಿಯನ್ನ ಕರೆಯೋಕೆ ಒಳಗೆ ಹೋದ. ಅವಳು ಹಿಟ್ಟು ಮೆತ್ತಿದ ಕೈ ತೊಳೆದು ಬರುವಷ್ಟರಲ್ಲಿ ಗೂಡು ಖಾಲಿ. ಆಮೇಲೆ ಹಕ್ಕಿಗಳು ಬಂದವು. ಗೂಡಿನ ಅಂಚಿನಲ್ಲಿ ಕೂತು ಒಳಗೆ ನೋಡಿದವು. ಕೊಕ್ಕಲ್ಲಿ ಹುಳ ಹಾಗೇ ಇತ್ತು. ಅದನ್ನ ಬಿಡಲೂ ಇಲ್ಲ, ನುಂಗಲೂ ಇಲ್ಲ. ತುಂಬಾ ಹೊತ್ತು ಕೂತಿದ್ದು ಹೋದವು.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ದರ್ಜಿಗೆ ಅನ್ನಿಸ್ತು.

ಗುರುಗಳು ಇಲ್ಲಿ ಸ್ವಲ್ಪ ನಿಲ್ಲಿಸಿದರು. ಪರ್ವತಯ್ಯನ ಕಣ್ಣಲ್ಲಿ ನೀರಿತ್ತು. ಅವನ ಕೈ ಹತ್ತಿರ ಏನೋ ಪಟ್ಟಂತ ಮುರಿದ ಸದ್ದಾಯ್ತು. ಗುರುಗಳು ಒಮ್ಮೆ ಆ ಕಡೆ ನೋಡಿ ಕತೆ ಮುಂದುವರಿಸಿದರು.

ಬಳ್ಳಿ ಮತ್ತೆ ಚಿಗುರಿ ದಟ್ಟವಾಯ್ತು. ಅವೇ ಹಕ್ಕಿಗಳೋ, ಬೇರೆಯವೋ, ಒಂದು ಜೋಡಿ ಬಂದು ಮತ್ತೆ ಗೂಡು ಕಟ್ಟಿದವು. ಅದು ಮೊದಲಿನದಕ್ಕಿಂತ ಕೆಟ್ಟದಾಗಿತ್ತು. ದರ್ಜಿ ಎದ್ದು ಹೋಗಿ ಕತ್ತರಿಯನ್ನ ಹೆಂಡತಿ ಕೈಗೆ ಕೊಟ್ಟ. ಬಟ್ಟೆ ಕತ್ತರಿಸೋವಾಗ ಮಾತ್ರ ಕೇಳಿ ಇಸಿದುಕೊಳ್ತಿದ್ದ. ಅಂಗಿಗಳು ದಾರ ನೇತಾಡಿಸಿಕೊಂಡೇ ಮನೆ ಬಿಟ್ಟವು. ಗಿರಾಕಿಗಳು ತಾವೇ ಕತ್ತರಿಸಿಕೊಂಡರು, ಯಾರಿಗೂ ಏನೂ ಆಗಲಿಲ್ಲ. ಹಕ್ಕಿಗಳು ಬಳ್ಳಿಯೊಳಗೆ ಹೋಗೋದು, ಬರೋದು ಅಷ್ಟೇ ಅವನಿಗೆ ಕಾಣ್ತಿತ್ತು. ಒಳಗೆ ಏನಾಗ್ತಿದೆ ಅಂತ ಗೊತ್ತಿಲ್ಲದೆ, ಎರಡೂ ಕೈ ತೊಡೆ ಕೆಳಗೆ ಇಟ್ಟುಕೊಂಡು ಕೂತಿರ್ತಿದ್ದ. ಕಾಗೆಯೂ ಬಂತು. ರಾಟೆ ಮೇಲೆ ಕೂತು ಬಳ್ಳಿಯನ್ನ ಆ ಕಡೆ ಈ ಕಡೆ ನೋಡಿತು. ಬರೀ ಎಲೆ, ಕಸ. ಹಾರಿ ಹೋಯ್ತು.

ಒಂದು ಬೆಳಿಗ್ಗೆ ಮರಿಗಳು ಬಳ್ಳಿಯಿಂದ ಗೋಡೆಗೆ, ಗೋಡೆಯಿಂದ ಪಕ್ಕದ ಮನೆ ಸೀಬೆ ಮರಕ್ಕೆ ಹಾರಿದವು.

"ಹೇಗಿತ್ತು ರೀ, ಈ ಸಲದ ಗೂಡು?" ಅಂತ ಹೆಂಡತಿ ಕೇಳಿದಳು.

"ಕೆಲಸ ಏನೂ ಚೆನ್ನಾಗಿರಲಿಲ್ಲ ಕಣೇ," ಅಂದ ದರ್ಜಿ. ಸೀಬೆ ಮರದ ಕಡೆ ನೋಡಿ, "ಮರಿ ಚೆನ್ನಾಗಿ ಹಾರಿದ್ವು," ಅಂದ.

ಕತೆ ಮುಗೀತು. ಪರ್ವತಯ್ಯ ಕಣ್ಣು ಒರೆಸಿಕೊಂಡ.

"ಗೊತ್ತಾಯ್ತು ಬುದ್ಧಿ. ಇನ್ನು ಮಗಳ ಮನೇಲಿ ಒಂದು ಲೋಟ ಕೂಡ ಸರಿಸಲ್ಲ. ಸುಮ್ಮನೆ ಕೂತು, ಅವಳು ಕೊಟ್ಟಿದ್ದು ಕುಡಿದು ಬರ್ತೀನಿ. ಈಗ್ಲೇ ಹೋಗಲಾ?"

ಗುರುಗಳು ಕೆಳಗೆ ನೋಡಿದರು. ಪರ್ವತಯ್ಯ ಕೂತಿದ್ದ ಕಡೆ ಚಾಪೆಯ ಅಂಚು ಚೊಕ್ಕವಾಗಿತ್ತು. ಕಿತ್ತ ಎಳೆಗಳು ಅವನ ಮಂಡಿ ಪಕ್ಕದಲ್ಲಿ ಗುಡ್ಡೆಯಾಗಿದ್ದವು. ಅಷ್ಟುದ್ದಕ್ಕೆ ಹೆಣಿಗೆ ಬಿಚ್ಚಿಕೊಳ್ತಾ ಬಂದಿತ್ತು.

"ಹೋಗು ಪರ್ವತಯ್ಯ, ಅದಕ್ಕೆ ಮೊದಲು ನನ್ನ ಚಾಪೆ ಬಿಡು."