ಕಾಂಡ್ಲಾ ಕಾಡಿನ ಬೆಲೆ

“ಗುರುಗಳೇ, ಅಳಿವೆಯ ಕಾಂಡ್ಲಾ ಕಾಡಿನಿಂದ ಊರಿಗೆ ಏನು ಪ್ರಯೋಜನ ಎಂದು ನಲವತ್ತು ಮನೆಗಳಲ್ಲಿ ಕೇಳಿ ಬಂದೆ. ಏನೂ ಇಲ್ಲ ಎಂದರು. ನಾನು ಹಾಗೆಯೇ ಬರೆದುಕೊಟ್ಟರೆ ಅರಸರು ಕಾಡು ಕಡಿಸುತ್ತಾರೆ. ಬರೆಯಲೇ?” ಎಂದು ಶಿಷ್ಯ ತ್ರಿಯಂಬಕ ಕೇಳಿದ. ನಾಡಿನ ಕಾಡು ಕೆರೆಗಳಿಗೆ ಬೆಲೆ ಕಟ್ಟಿಕೊಡುವ ಕೆಲಸವನ್ನು ಅರಸರು ಅವನಿಗೆ ಒಪ್ಪಿಸಿದ್ದರು.

“ನಲವತ್ತು ಮನೆಯಲ್ಲೂ ಒಂದೇ ಉತ್ತರವೇ? ಅತ್ತೆ ಸೊಸೆಯರೂ ಒಂದೇ ಮಾತು ಹೇಳಿದರೇ? ನನಗೆ ಅನುಮಾನವಪ್ಪ, ಬಲವಾದ ಅನುಮಾನ. ಕುಳಿತುಕೋ” ಎಂದು ಗುರುಗಳು ಕತೆ ತೆಗೆದರು.

ಹೊಳೆ ಕಡಲು ಸೇರುವಲ್ಲಿ ಒಂದು ಊರಿತ್ತು. ಊರಿಗೂ ಕಡಲಿಗೂ ನಡುವೆ ಉಪ್ಪುನೀರಿನಲ್ಲಿ ಬೇರುಬಿಟ್ಟ ಕಾಂಡ್ಲಾ ಕಾಡಿತ್ತು. ಆ ಊರಿನವರಿಗೆ ಒಂದು ರೂಢಿ. ಸುಂಕದವನ ಪಲ್ಲಕ್ಕಿ ದಿಬ್ಬದ ಮೇಲೆ ಕಂಡರೆ ಸಾಕು, ಒಳ್ಳೆಯ ಬಲೆಗಳು ಹಿತ್ತಿಲಿಗೆ ಹೋಗುತ್ತಿದ್ದವು, ಹರಕು ಬಲೆಗಳು ಅಂಗಳಕ್ಕೆ ಬರುತ್ತಿದ್ದವು. ಅಜ್ಜಂದಿರ ಕಾಲದಿಂದಲೂ ಹೀಗೆಯೇ. ತಪ್ಪೆನ್ನುತ್ತೀಯಾ? ಹಿಡಿದ ಮೀನಿನಲ್ಲಿ ಅರ್ಧ ಹೊತ್ತುಕೊಂಡು ಹೋದರೆ ನೀನೂ ಬಚ್ಚಿಡುತ್ತಿದ್ದೆ, ಸುಮ್ಮನಿರು.

ಒಮ್ಮೆ ಉಪ್ಪಿನ ವರ್ತಕನೊಬ್ಬ ಆ ಕಾಡನ್ನು ತನಗೆ ಕೊಡಿ ಎಂದು ಅರಸನನ್ನು ಕೇಳಿದ. ಕೊಡುವ ಮೊದಲು, ಕಾಡಿನಿಂದ ಊರಿಗೇನು ಲಾಭ ತಿಳಿದು ಬಾ ಎಂದು ಅರಸ ಒಬ್ಬ ಪಂಡಿತನನ್ನು ಕಳಿಸಿದ. ಪಂಡಿತ ಒಳ್ಳೆಯವನೇ. ಕಾಡು ಉಳಿಯಲಿ ಎಂಬ ಆಸೆ ಅವನಿಗೂ ಇತ್ತು. ದಾರಿ ದೂರವೆಂದು ಸುಂಕದವನ ಪಲ್ಲಕ್ಕಿಯನ್ನೇ ಕೇಳಿ ಪಡೆದು ಬಂದ.

ಬಳಚು ಹೆಕ್ಕುವ ಹೆಂಗಸೊಬ್ಬಳು ಬುಟ್ಟಿ ತುಂಬಿಕೊಂಡು ಕಾಡಿನಿಂದ ಹೊರಬರುತ್ತಿದ್ದಳು. ಬಳಚೆಂದರೆ ಕೆಸರಿನಲ್ಲಿ ಸಿಗುವ ಚಿಪ್ಪುಮೀನು. ಅವಳ ಮನೆಯ ಆರು ಹೊಟ್ಟೆಗೆ ಅದೇ ಆಧಾರ. ಪಲ್ಲಕ್ಕಿ ಕಂಡದ್ದೇ ಬುಟ್ಟಿಯನ್ನು ಬೇರುಗಳ ನಡುವೆ ನೀರಿನಲ್ಲಿ ಮುಳುಗಿಸಿ, ಬರಿಗೈಯಲ್ಲಿ ಬಂದು ನಿಂತಳು.

“ಈ ಕಾಡು ನಿನಗೇನು ಕೊಡುತ್ತದೆ, ತಾಯಿ?” ಎಂದ ಪಂಡಿತ.

“ಅಯ್ಯೋ, ಎಂಥದೂ ಇಲ್ಲ ಒಡೆಯಾ! ಕೆಸರು, ಸೊಳ್ಳೆ. ಬೇಕಾದರೆ ಸೊಳ್ಳೆ ಒಯ್ಯಿರಿ.”

ಊರೆಲ್ಲ ಅದನ್ನೇ ಹೇಳಿತು. ಪಂಡಿತ ಸಂಕಟಪಡುತ್ತಲೇ ಅದನ್ನು ಬರೆದುಕೊಟ್ಟ. ಸುಳ್ಳು ಬರೆಯುವವನಲ್ಲ, ನೋಡು. ಕಾಡು ವರ್ತಕನ ಪಾಲಾಯಿತು. ಅವನು ಅದನ್ನು ಕಡಿಸಿ ಉಪ್ಪಿನ ಗದ್ದೆ ಮಾಡಿಸಿದ. ಬಳಚು ಇಲ್ಲವಾಯಿತು. ಆಷಾಢದಲ್ಲಿ ಕಡಲು ತಡೆಯಿಲ್ಲದೆ ಒಳನುಗ್ಗಿತು, ಬತ್ತದ ಸಸಿಯೆಲ್ಲ ಉಪ್ಪಿಗೆ ಸುಟ್ಟುಹೋಯಿತು.

ಆ ಹೆಂಗಸು ಅದೇ ಬುಟ್ಟಿ ಹೊತ್ತು ಪಂಡಿತನ ಮನೆ ಬಾಗಿಲಿಗೆ ಬಂದಳು. ಬುಟ್ಟಿ ಖಾಲಿ.

“ಅಂದು ಸುಳ್ಳು ಹೇಳಿದೆ ಒಡೆಯಾ. ಇದು ದಿನಾ ತುಂಬುತ್ತಿತ್ತು.”

ಪಂಡಿತನಿಗೆ ಸಿಟ್ಟೂ ಬಂತು, ಅಳುವೂ ಬಂತು. “ಅಂದೇ ಯಾಕೆ ಹೇಳಲಿಲ್ಲ, ತಾಯಿ?”

“ನಿಮ್ಮಲ್ಲಿ ಏನಿದೆ ಎಂದು ಕೇಳಿಕೊಂಡು ಆ ಪಲ್ಲಕ್ಕಿಯಲ್ಲಿ ಬಂದವರೆಲ್ಲ ಒಯ್ಯಲಿಕ್ಕೇ ಬಂದದ್ದು” ಎಂದಳು ಅವಳು.

ಗುರುಗಳು ಕತೆ ನಿಲ್ಲಿಸಿದರು. ತ್ರಿಯಂಬಕನಿಗೆ ಸಮಾಧಾನವಾಗಲಿಲ್ಲ. “ಆದರೆ ನಾನು ಒಯ್ಯಲು ಹೋದವನಲ್ಲ, ಗುರುಗಳೇ. ಉಳಿಸಲು ಹೋದವನು” ಎಂದ.

“ಇರಬಹುದಪ್ಪ. ಹೋದದ್ದು ಯಾರ ಪಲ್ಲಕ್ಕಿಯಲ್ಲಿ?”