ಎಂಟು ಸಿಲಿಂಡರಿನ ಗಾಡಿ

"ಗುರುಗಳೇ, ಮನಸ್ಸಿನ ವೇಗವನ್ನು ಕೊಲ್ಲುವುದು ಹೇಗೆ?"

ಹೀಗೆ ಕೇಳಿದವನು ಚರಂತಯ್ಯ. ಮಠದ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ. ಬುದ್ಧಿ ಚುರುಕು, ಸಿಟ್ಟು ಅದಕ್ಕಿಂತ ಚುರುಕು. ಅಂದು ಬೆಳಿಗ್ಗೆ ದಾಸೋಹದ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮುದುಕ ಅಡಿಗೆಯವನನ್ನು ಎಲ್ಲರೆದುರು ಬೈದಿದ್ದ. ಮುದುಕ ಸೌಟು ಕೆಳಗಿಟ್ಟು ಹಿತ್ತಲಿಗೆ ಹೋಗಿಬಿಟ್ಟಿದ್ದ.

"ಒಂದು ವರ್ಷ ಮೌನ ಹಿಡಿಯುತ್ತೇನೆ. ಪಾಠವನ್ನೂ ಬಿಡುತ್ತೇನೆ. ಒಳಗಿನ ಈ ಉರಿ ಪೂರ್ತಿ ಆರಿಹೋಗಲಿ. ಅಪ್ಪಣೆ ಕೊಡಿ," ಎಂದ.

ಗುರುಗಳು ಅಪ್ಪಣೆ ಕೊಡಲಿಲ್ಲ, ಬೇಡವೆಂದೂ ಹೇಳಲಿಲ್ಲ. ಎದುರಿನ ಚಾಪೆ ತೋರಿಸಿ ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಗದಗಿನಲ್ಲಿ ಒಬ್ಬ ಹತ್ತಿ ವ್ಯಾಪಾರಿ ಇದ್ದ. ಹೆಸರು ಅಂದಾನೆಪ್ಪ. ಅವನ ತಂದೆ ತನ್ನ ಕಾಲದಲ್ಲಿ ಅಮೆರಿಕದ ಒಂದು ಕಾರು ಕೊಂಡಿದ್ದ. ಗಣಿಯ ಕೆಲಸ ಮುಗಿಸಿ ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಎಂಜಿನಿಯರ್ ಅದನ್ನು ಮಾರಿ ಹೋಗಿದ್ದ. ಎರಡೇ ಬಾಗಿಲು, ಉದ್ದ ಮೂತಿ, ಎಂಟು ಸಿಲಿಂಡರಿನ ಎಂಜಿನ್. ಸ್ಟೇರಿಂಗ್ ಎಡಗಡೆ. ಚಾಲೂ ಮಾಡಿದರೆ ಓಣಿಯ ಕಿಟಕಿಗಳು ಅದುರುತ್ತಿದ್ದವು.

ತಂದೆ ತೀರಿದ ಮೇಲೆ ಅಂದಾನೆಪ್ಪ ಅದನ್ನು ಓಡಿಸತೊಡಗಿದ. ಬಯಲುಸೀಮೆಯ ನೇರ ರಸ್ತೆಯಲ್ಲಿ ಅದನ್ನು ಹಿಂದೆ ಹಾಕುವ ಗಾಡಿ ಇರಲಿಲ್ಲ. ಅಲ್ಲಿ ಗಕ್ಕನೆ ನಿಲ್ಲಿಸುವ ಪ್ರಸಂಗವೂ ಹೆಚ್ಚಾಗಿ ಬರುತ್ತಿರಲಿಲ್ಲ. ಕಾಲು ತೆಗೆದರೆ ಅರ್ಧ ಮೈಲಿಯಲ್ಲಿ ತಾನೇ ನಿಲ್ಲುತ್ತಿತ್ತು. ಹೀಗಾಗಿ ಆ ಗಾಡಿಗೆ ಬ್ರೇಕು ಎಷ್ಟಿದೆ ಎಂದು ಅವನು ಒಮ್ಮೆಯೂ ಯೋಚಿಸಲಿಲ್ಲ.

ಅವನ ಮಗಳನ್ನು ಕಾರವಾರಕ್ಕೆ ಕೊಟ್ಟಿದ್ದರು. ಒಮ್ಮೆ ಅವಳನ್ನು ನೋಡಲು ಗಂಡ ಹೆಂಡತಿ ಇಬ್ಬರೂ ಆ ಗಾಡಿಯಲ್ಲಿ ಹೊರಟರು. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯತೊಡಗಿದರು. ಇಳಿಜಾರಿನಲ್ಲಿ ಪೆಟ್ರೋಲ್ ಯಾಕೆ ಸುಡಬೇಕೆಂದು ಅಂದಾನೆಪ್ಪ ಗೇರ್ ನ್ಯೂಟ್ರಲ್ ಮಾಡಿ ಗಾಡಿಯನ್ನು ಹಾಗೇ ಬಿಟ್ಟ. ತಿರುವು ಬಂದಲ್ಲಿ ಬ್ರೇಕು ಒತ್ತುತ್ತ ಹೋದ. ನಾಲ್ಕನೆಯ ತಿರುವಿಗೆ ಸುಟ್ಟ ವಾಸನೆ ಬಂತು. ಐದನೆಯ ತಿರುವಿಗೆ ಪೆಡಲು ನೆಲದವರೆಗೆ ಹೋಯಿತು, ಗಾಡಿ ನಿಲ್ಲಲಿಲ್ಲ.

ಎಡಕ್ಕೆ ಕಣಿವೆ, ಬಲಕ್ಕೆ ಗುಡ್ಡ. ಅವನು ಗುಡ್ಡಕ್ಕೆ ತಿರುಗಿಸಿದ. ಜೀವ ಉಳಿಯಿತು. ಆದರೆ ಗುಡ್ಡದ ಕಡೆ ಕೂತಿದ್ದವಳು ಹೆಂಡತಿ ಶಂಕ್ರವ್ವ. ಅವಳ ಬಲಗೈ ಎರಡು ಕಡೆ ಮುರಿಯಿತು.

ಮೂಳೆ ಕೂಡಿತು. ಕೈ ಮೊದಲಿನಂತಾಗಲಿಲ್ಲ. ರೊಟ್ಟಿ ಬಡಿಯುವಾಗ ಎರಡನೆಯ ರೊಟ್ಟಿಗೇ ಸೋಲುತ್ತಿತ್ತು. ಅವಳು ಗಂಡನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಗಾಡಿಯನ್ನು ಎಳೆಸಿ ತಂದು ಹತ್ತಿ ಗಿರಣಿಯ ಹಿಂದಿನ ಶೆಡ್ಡಿಗೆ ಹಾಕಿಸಿದ. ಮಾರಲು ಮನಸ್ಸಾಗಲಿಲ್ಲ, ಓಡಿಸಲು ಧೈರ್ಯವಾಗಲಿಲ್ಲ.

ಹೀಗೆ ಎರಡು ವರ್ಷ ಕಳೆಯಿತು. ಮಗಳು ಕಾರವಾರದಲ್ಲಿ ಮನೆ ಕಟ್ಟಿಸಿದಳು. ಅವ್ವನೇ ಬಂದು ಹಾಲು ಉಕ್ಕಿಸಬೇಕೆಂದು ಪತ್ರ ಬರೆದಳು. ಶಂಕ್ರವ್ವ ಪತ್ರವನ್ನು ಎರಡು ಸಲ ಓದಿಸಿಕೊಂಡಳು. ಆಮೇಲೆ, "ಆ ಘಟ್ಟ ನಾ ಇಳಿಯೂದಿಲ್ಲ. ಬಸ್ಸಿನ್ಯಾಗೂ ಇಳಿಯೂದಿಲ್ಲ. ನೀವೊಬ್ರ ಹೋಗಿ ಬರ್ರಿ," ಎಂದು ಒಳಗೆ ಹೋದಳು.

ಅವಳ ಕೈ ಹೋದದ್ದು ಅಂದಾನೆಪ್ಪನಿಗೆ ಗೊತ್ತಿತ್ತು. ಮಗಳ ಮನೆಯ ದಾರಿಯೂ ಹೋಯಿತೆಂದು ಅವತ್ತು ಗೊತ್ತಾಯಿತು. ಮರುದಿನ ಬೆಳಿಗ್ಗೆಯೇ ಗಾಡಿ ರಿಪೇರಿಯ ಮೇಸ್ತ್ರಿ ದಾವಲಸಾಬನನ್ನು ಶೆಡ್ಡಿಗೆ ಕರೆದುಕೊಂಡು ಬಂದ.

ದಾವಲಸಾಬ ಮೊದಲು ಲಾರಿ ಡ್ರೈವರ್ ಆಗಿದ್ದವನು. ಅದಿರು ತುಂಬಿಕೊಂಡು ಅದೇ ಘಟ್ಟವನ್ನು ಹತ್ತು ವರ್ಷ ಇಳಿದಿದ್ದ. ಕಣ್ಣು ಮಂಜಾದ ಮೇಲೆ ಸ್ಟೇರಿಂಗ್ ಬಿಟ್ಟು, ಬೋಲ್ಟು ಬಿಗಿಯುವ ಪಾನಾ ಹಿಡಿದಿದ್ದ. ಅಂದಾನೆಪ್ಪ ಅವನಿಗೆ ಹೇಳಿದ: "ಈ ಎಂಜಿನ್ ತಗದು ಒಗಿ. ಯಾವುದರೆ ಹಳೇ ಜೀಪಿನ ಸಣ್ಣ ಎಂಜಿನ್ ಹಾಕು. ನಲವತ್ತರ ಮ್ಯಾಲ ಓಡಬಾರದು. ಇದರ ಸೊಕ್ಕು ಮುರೀಬೇಕು."

ದಾವಲಸಾಬ ಎಂಜಿನ್ನಿನ ಕಡೆ ನೋಡಲೇ ಇಲ್ಲ. ನೆಲಕ್ಕೆ ಬಾಗಿ ಗಾಲಿಗಳ ಒಳಗೆ ಕೈ ಹಾಕಿ ತಡವಿದ. ಎದ್ದು ಕೈ ಒರೆಸಿಕೊಂಡ.

"ಸಾವ್ಕಾರ್ರ, ಅವತ್ತ ಗಾಡಿ ಯಾವ ಗೇರಿನ್ಯಾಗ ಇತ್ರಿ?"

"ನ್ಯೂಟ್ರಲ್."

"ಅಂದ್ರ ಹಿಡಿಯೋ ಎಂಜಿನ್ನ ಬಿಟ್ಟು ಬರೇ ಬ್ರೇಕ ನಂಬಿ ಇಳದ್ರಿ. ಸೆಕೆಂಡ್ ಗೇರಿನ್ಯಾಗ ಇಟ್ಟಿದ್ರ ಇದ ಎಂಜಿನ್ ನಿಮ್ಮನ್ನ ಹಿಂದಕ್ಕ ಜಗ್ಗಿ ಹಿಡೀತಿತ್ತು. ಅದು ಏನ ತಪ್ಪು ಮಾಡೇತಿ ಅಂತ ತಗೀಲಿ? ಹೋರಿಗೆ ಮೂಗುದಾರ ಇಲ್ಲಂತ ಯಾರರೆ ಹೋರಿ ಕಾಲ ಮುರೀತಾರೇನ್ರಿ?"

ಎರಡು ವರ್ಷ ಅಂದಾನೆಪ್ಪ ಗಾಡಿಯನ್ನು ಬೈಯುತ್ತಿದ್ದ. ತನ್ನ ಕೈ ಗೇರಿನ ಮೇಲಿತ್ತೆಂಬುದು ಅವನಿಗೆ ನೆನಪೇ ಬಂದಿರಲಿಲ್ಲ. ಅಲ್ಲೇ ಹತ್ತಿಯ ಅಂಡಿಗೆಯ ಮೇಲೆ ಕೂತುಬಿಟ್ಟ. "ಹಂಗಾದ್ರ ಏನ ಮಾಡಬೇಕು?" ಎಂದು ಕೇಳಿದ.

"ಮೂಗುದಾರ ಹಾಕೋಣ," ಎಂದ ದಾವಲಸಾಬ.

ಕೆಲಸ ಶುರುವಾಯಿತು. ಆ ಗಾಡಿಯ ನಾಲ್ಕೂ ಗಾಲಿಗೆ ಹಳೆಯ ಡ್ರಮ್ ಬ್ರೇಕು. ಕಾದರೆ ಹಿಡಿತ ಬಿಡುವಂಥದು. ನಾಲ್ಕಕ್ಕೂ ಸೇರಿ ಎಣ್ಣೆಯ ನಳಿಗೆ ಒಂದೇ, ಒಂದು ಕಡೆ ಸೋರಿದರೆ ನಾಲ್ಕೂ ಸತ್ತಂತೆ. ದಾವಲಸಾಬ ಹುಬ್ಬಳ್ಳಿಯ ಗುಜರಿ ಪೇಟೆ ಸುತ್ತಿ, ಮುರಿದುಹೋದ ಒಂದು ವ್ಯಾನಿನಿಂದ ಕಾದರೂ ಹಿಡಿತ ಬಿಡದ ಡಿಸ್ಕ್ ಬ್ರೇಕು ಹುಡುಕಿ ತಂದ. ಅದು ಈ ಗಾಲಿಗೆ ಕೂಡಲಿಲ್ಲ. ನಡುವೆ ಕೂಡಿಸಲು ಲೇತಿನಲ್ಲಿ ಉಕ್ಕಿನ ತಟ್ಟೆ ಕೊರೆಸಿದ. ಮೊದಲ ತಟ್ಟೆ ಕೂದಲೆಳೆಯಷ್ಟು ಸೊಟ್ಟ ಬಂತು. ಅಷ್ಟಕ್ಕೇನು, ನಡೆಯುತ್ತದೆ ಎಂದ ಅಂದಾನೆಪ್ಪ. ದಾವಲಸಾಬ ಅದನ್ನು ಗುಜರಿಗೆ ಒಗೆದು ಮತ್ತೊಂದು ಕೊರೆಸಿದ. ಮುಂದಿನ ಗಾಲಿಗಳಿಗೆ ಒಂದು ನಳಿಗೆ, ಹಿಂದಿನವಕ್ಕೆ ಬೇರೆ ನಳಿಗೆ ಎಳೆದ. ಒಂದು ಹೋದರೂ ಇನ್ನೊಂದು ಉಳಿಯಬೇಕು ಎಂಬುದು ಅವನ ಲೆಕ್ಕ.

ಎರಡು ತಿಂಗಳ ಮೇಲೆ ಗಾಡಿಯನ್ನು ಬತ್ತಿದ ಕೆರೆಯಂಗಳಕ್ಕೆ ಒಯ್ದರು. ಅಂದಾನೆಪ್ಪ ಐವತ್ತಕ್ಕೆ ಏರಿಸಿ ಬ್ರೇಕು ಒತ್ತಿದ. ಬ್ರೇಕು ಹಿಡಿಯಿತು, ಬಲವಾಗಿಯೇ ಹಿಡಿಯಿತು. ಆದರೆ ಗಾಡಿಯ ಮೂತಿ ನೆಲಕ್ಕೆ ಕುಸಿದು, ಬಾಲ ಎದ್ದು, ಮೈ ಅಡ್ಡಕ್ಕೆ ತಿರುಗಿತು. ಎರಡು ಸುತ್ತು ಗಿರ್ರನೆ ತಿರುಗಿ ಧೂಳಿನಲ್ಲಿ ನಿಂತಿತು.

ಅಂದಾನೆಪ್ಪ ಬಾಗಿಲು ತೆರೆದು ಕೆಳಗಿಳಿದ. "ಸಾಕೋ ಮಾರಾಯಾ. ಇದು ನನ್ನ ಹಣೇಬರದಾಗ ಇಲ್ಲ. ಗುಜರಿಗೆ ಹಾಕಿಬಿಡು," ಎಂದ.

ದಾವಲಸಾಬ ನೆಲದ ಮೇಲಿನ ಗಾಲಿಯ ಗುರುತುಗಳನ್ನು ನೋಡುತ್ತ ದೂರದವರೆಗೆ ನಡೆದು ಹೋಗಿ ಬಂದ. "ಹಿಡಿಯೋ ಕೈ ಬಂತ್ರಿ. ಊರಿ ನಿಲ್ಲೋ ಕಾಲು ಇನ್ನಾ ಬಂದಿಲ್ಲ," ಎಂದ. ಅವನ ಮುಖದಲ್ಲಿ ಬೇಸರ ಇರಲಿಲ್ಲ. ಅದನ್ನು ನೋಡಿ ಅಂದಾನೆಪ್ಪ ಮತ್ತೆ ಗಾಡಿ ಹತ್ತಿದ.

ಮತ್ತೆ ಎರಡು ತಿಂಗಳು. ಗಾಡಿಯ ಭಾರ ಹೊರುವ ಹಿಂದಿನ ಉಕ್ಕಿನ ಪಟ್ಟಿಗಳು, ಆ ಪಾಟಾಗಳು, ಮುದಿಯಾಗಿ ಜೋತುಬಿದ್ದಿದ್ದವು. ಬಿಚ್ಚಿ, ಕಮ್ಮಾರನ ಕುಲುಮೆಯಲ್ಲಿ ಕಾಯಿಸಿ ಹದ ಹಾಕಿಸಿದರು. ಮುಂದಕ್ಕೆ ಬಿಗಿಯಾದ ಸ್ಪ್ರಿಂಗು, ನಾಲ್ಕು ಮೂಲೆಗೂ ಹೊಸ ಶಾಕ್ ಅಬ್ಸಾರ್ಬರು. ತಿರುವಿನಲ್ಲಿ ಮೈ ವಾಲದಂತೆ ಎಡಬಲಗಳ ನಡುವೆ ಬೆರಳು ದಪ್ಪದ ಉಕ್ಕಿನ ಸರಳು. ಅಂದಾನೆಪ್ಪ ದಿನಾ ಗಿರಣಿಯಿಂದ ನೇರ ಶೆಡ್ಡಿಗೆ ಬರುತ್ತಿದ್ದ. ಮೊದಮೊದಲು ಅವಸರ ಮಾಡುತ್ತಿದ್ದ. ಆಮೇಲೆ ಪಾನಾ ಎತ್ತಿ ಕೊಡತೊಡಗಿದ. ಕೊನೆಗೆ ಬೋಲ್ಟು ಎಷ್ಟು ಬಿಗಿದರೆ ಸಾಕೆಂದು ಅವನ ಕೈಗೇ ತಿಳಿಯತೊಡಗಿತು.

ಮತ್ತೆ ಕೆರೆಯಂಗಳ. ಐವತ್ತಕ್ಕೆ ನಿಂತಿತು, ನೆಟ್ಟಗೆ. ಅರವತ್ತಕ್ಕೆ ನಿಂತಿತು. ಸ್ಟೇರಿಂಗ್ ಹೊರಳಿಸಿ ಬ್ರೇಕು ಒತ್ತಿದರೂ ಬಾಲ ಬೀಸಲಿಲ್ಲ. ದಾವಲಸಾಬನಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಹದಿನೈದು ದಿನ ಬೆಳಿಗ್ಗೆ ಅಂದಾನೆಪ್ಪನ ಪಕ್ಕದಲ್ಲಿ ಕೂತು, ಗೇರ್ ಇಳಿಸಿ ಎಂಜಿನ್ನಿನಿಂದ ಗಾಡಿ ಹಿಡಿಯುವುದನ್ನು ಕಲಿಸಿದ. ಎಷ್ಟು ದೂರದಲ್ಲಿ, ಎಷ್ಟು ಒತ್ತಿದರೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕಾಲಿಗೆ ರೂಢಿ ಮಾಡಿಸಿದ.

ಒಂದು ಬೆಳಿಗ್ಗೆ ಶಂಕ್ರವ್ವ ಯಾರಿಗೂ ಹೇಳದೆ ಕೆರೆಯಂಗಳಕ್ಕೆ ಬಂದಳು. ದಂಡೆಯ ಮೇಲೆ ನಿಂತು ಎಲ್ಲ ನೋಡಿದಳು. ಗಂಡ ಕೈ ಬೀಸಿದರೂ ಅವನ ಕಡೆ ಹೋಗಲಿಲ್ಲ. ನೇರ ಮೇಸ್ತ್ರಿಯ ಹತ್ತಿರ ಬಂದಳು.

"ದಾವಲಣ್ಣಾ, ಖರೇ ಹೇಳು. ನಿಲ್ಲತೇತೇನು?"

"ಅವ್ವಾರ, ಗಾಡಿ ನಿಲ್ಲತೇತಿ ಅಂತ ನಾ ಆಣಿ ಮಾಡ್ತೀನಿ. ನಿಲ್ಲಸೋರು ಸಾವ್ಕಾರ್ರು. ಅವರದು ನೀವ ನೋಡ್ಕೋಬೇಕು."

ಅವಳು ಸೆರಗು ಬಿಗಿದು, ಎಡಗೈಯಲ್ಲಿ ಬಾಗಿಲು ತೆರೆದು ಗಾಡಿಯೊಳಗೆ ಕೂತಳು.

ಮಗಳು ಅವ್ವನಿಗಾಗಿ ಮುಹೂರ್ತ ಮುಂದಕ್ಕೆ ಹಾಕಿಸಿ ಕಾದಿದ್ದಳು. ಇಬ್ಬರೂ ಹೊರಟರು. ಘಟ್ಟದ ನೆತ್ತಿಯಲ್ಲಿ ಅಂದಾನೆಪ್ಪ ಗಾಡಿ ನಿಲ್ಲಿಸಿ ಬ್ರೇಕು ನೋಡಿದ, ನೀರು ಕುಡಿದ, ಸೆಕೆಂಡ್ ಗೇರ್ ಹಾಕಿದ. ಎಂಜಿನ್ ಗುರುಗುಟ್ಟುತ್ತ ಗಾಡಿಯನ್ನು ಹಿಂದಕ್ಕೆ ಜಗ್ಗಿ ಹಿಡಿಯಿತು. ಹಳೆಯ ತಿರುವು ಬಂದಾಗ ಶಂಕ್ರವ್ವ ಕಣ್ಣು ಮುಚ್ಚಿದಳು. ಅದು ದಾಟಿ ಅವಳು ಕಣ್ಣು ಬಿಡುವ ಹೊತ್ತಿಗೆ ಮುಂದಿನ ತಿರುವಿನ ಮರೆಯಲ್ಲಿ ಆಕ್ಸಲ್ ಮುರಿದ ಒಂದು ಮರಳಿನ ಲಾರಿ ರಸ್ತೆಗೆ ಅಡ್ಡ ನಿಂತಿತ್ತು. ಅದರ ಕೆಳಗಿನಿಂದ ಒಬ್ಬನ ಎರಡು ಕಾಲು ಹೊರಗೆ ಚಾಚಿದ್ದವು.

ಅಂದಾನೆಪ್ಪ ಕೂಗಲಿಲ್ಲ, ಸ್ಟೇರಿಂಗ್ ತಿರುಗಿಸಲಿಲ್ಲ. ಒತ್ತಿದ. ಗಾಡಿಯ ಮೂತಿ ತುಸು ಬಾಗಿತು, ನಾಲ್ಕೂ ಗಾಲಿ ನೆಲ ಕಚ್ಚಿದವು, ನೆಟ್ಟಗೆ ನಿಂತಿತು. ಲಾರಿಗೂ ಗಾಡಿಗೂ ನಡುವೆ ಎರಡು ಮಾರು ಜಾಗ ಉಳಿದಿತ್ತು. ಕೆಳಗೆ ಮಲಗಿದ್ದವನಿಗೆ ಏನಾಯಿತೆಂದೇ ತಿಳಿಯಲಿಲ್ಲ. ಅಲ್ಲಿಂದಲೇ ಯಾರಿಗೋ ಸುತ್ತಿಗೆ ಕೇಳುತ್ತಿದ್ದ.

ಅಂದಾನೆಪ್ಪನ ಕಣ್ಣಲ್ಲಿ ನೀರು ಬಂತು. "ಅಂಜಿದೇನು?" ಎಂದು ಹೆಂಡತಿಯನ್ನು ಕೇಳಿದ.

"ಅಂಜಿದೆ," ಎಂದಳು ಶಂಕ್ರವ್ವ. "ಆದ್ರ ಈ ಸಲ ಗಾಡಿ ನಿಮ್ಮ ಮಾತು ಕೇಳ್ತು."

ಮಗಳ ಮನೆಯಲ್ಲಿ ಹಾಲು ಉಕ್ಕಿತು. ನಾಲ್ಕು ದಿನ ಇದ್ದು ತಿರುಗಿ ಹೊರಟರು. ಘಟ್ಟ ಏರುವಾಗ ಎಂಟು ಸಿಲಿಂಡರುಗಳ ಬಲವೂ ಬೇಕಾಯಿತು. ಅಂದಾನೆಪ್ಪ ಹೆದರುತ್ತ ಹೆದರುತ್ತ ಏರಿಸುತ್ತಿದ್ದ. ಶಂಕ್ರವ್ವ ಹಿಂದೆ ತಿರುಗಿ ನೋಡಿ ಹೇಳಿದಳು: "ಇನ್ನೊಂಚೂರು ಜೋರ ಬಿಡ್ರಿ. ಆ ಬಸ್ಸಿನಾಂವ ನಮ್ಮನ್ನ ಹಿಂದ ಹಾಕೂ ಹಂಗ ಕಾಣತಾನ."

ಗುಡ್ಡಕ್ಕೆ ಗಾಡಿ ಹೊಡೆದ ಮೇಲೆ ಅಂದಾನೆಪ್ಪ ಮೊದಲ ಸಲ ನಕ್ಕದ್ದು ಆಗಲೇ.

ಗುರುಗಳು ಕತೆ ನಿಲ್ಲಿಸಿದರು. ಚರಂತಯ್ಯನ ಮನಸ್ಸು ಇನ್ನೂ ಆ ಘಟ್ಟದ ದಾರಿಯಲ್ಲೇ ಇತ್ತು. ಅವನು ಕೇಳಿದ:

"ಅಂದಿನಿಂದ ಆತ ನಿಧಾನವಾಗಿ ಓಡಿಸಲು ಕಲಿತನೇ, ಗುರುಗಳೇ?"

"ಇಲ್ಲ, ಎಷ್ಟು ಜೋರಾಗಿ ಹೋದರೂ ಪಕ್ಕದಲ್ಲಿ ಕೂತವರಿಗೆ ನಿದ್ದೆ ಹತ್ತುವ ಹಾಗೆ ಓಡಿಸಲು ಕಲಿತ."